ಉಪಗ್ರಹದ ಜಾಡು, ಶಾಲೆಯ ಅಂಗಳ

ಭಾರತದ ಬಾಹ್ಯಾಕಾಶ ನೌಕೆಗಳ ಜಾಡು ಹಿಡಿಯುವ ಕೆಲಸದ ದೊಡ್ಡ ಪಾಲು ನಡೆಯುವುದು ಕರ್ನಾಟಕದಲ್ಲೇ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ಟ್ರಾಕ್ ಸಂಸ್ಥೆಗೆ ಲಖನೌ, ಶ್ರೀಹರಿಕೋಟಾ, ಪೋರ್ಟ್ ಬ್ಲೇರ್, ಮಾರಿಷಸ್, ಬ್ರೂನೈ, ಇಂಡೊನೇಷ್ಯಾದ ಬಿಯಾಕ್ ಮೊದಲಾದ ಕಡೆ ಭೂನೆಲೆಗಳಿವೆ. ಚಂದ್ರಯಾನ-1ಕ್ಕಾಗಿ 2008ರಲ್ಲಿ ಸಿದ್ಧವಾದ, ಬೆಂಗಳೂರು ಬಳಿಯ ಬ್ಯಾಲಾಳುವಿನ 32 ಮೀಟರ್ ಅಗಲದ ಆಂಟೆನಾ ಮುಂದೆ ಮಂಗಳಯಾನದ, ಆದಿತ್ಯ-ಎಲ್1ರ ಕ್ಷೀಣ ಸಂಕೇತಗಳನ್ನೂ ಹಿಡಿಯಿತು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರ ಇನ್ಸಾಟ್-1ಎ ಕಾಲದಿಂದಲೂ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿಕೊಂಡು ಬಂದಿದೆ. ಸ್ಪೇಡೆಕ್ಸ್ ಜೋಡಿ ನೌಕೆಗಳು 2025ರ ಜನವರಿ 16ರಂದು ಕಕ್ಷೆಯಲ್ಲೇ ಒಂದಕ್ಕೊಂದು ಕೂಡಿಕೊಂಡದ್ದೂ ಬೆಂಗಳೂರಿನ ಕಣ್ಗಾವಲಿನಲ್ಲಿ. ಇಷ್ಟೆಲ್ಲ ಇರುವ ನಾಡಿನಲ್ಲಿ, ಮಲೆನಾಡಿನ ಕೊಪ್ಪ ತಾಲ್ಲೂಕಿನ ಭಂಡಿಗಡಿಯಂಥ ಊರಿನ ಹೈಸ್ಕೂಲು ಹುಡುಗಿಯೊಬ್ಬಳಿಗೆ ಉಪಗ್ರಹವೆಂದರೆ ಭೂಪಟದ ಮೇಲೆ ತೆವಳುವ ಒಂದು ಚುಕ್ಕಿ. ಆ ಚುಕ್ಕಿ ಅಲ್ಲಿಗೆ ಹೇಗೆ ಬಂತು, ಅದನ್ನು ಯಾಕೆ ನಂಬಬೇಕು ಎಂದು ಅವಳು ಕೇಳುವುದಿಲ್ಲ; ಕೇಳುವಂತೆ ಪರದೆಯೂ ಮಾಡುವುದಿಲ್ಲ. ಉಪಗ್ರಹದ ಜಾಡು ತೋರಿಸುವ ಶೈಕ್ಷಣಿಕ ಜಾಲತಾಣವೊಂದನ್ನು ಕಟ್ಟುವುದಾದರೆ ಅದು ಹೇಗಿರಬೇಕು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ. ನನ್ನ ವಾದವಿಷ್ಟು: ಅಂಥ ತಾಣ ಉಪಗ್ರಹದ ಸ್ಥಾನವನ್ನು ಸಿದ್ಧ ಸುದ್ದಿಯಾಗಿ ಬಿತ್ತರಿಸಬಾರದು. ಅದನ್ನು ಲೆಕ್ಕ ಹಾಕಿ ಹೇಳಿದ ಭವಿಷ್ಯವೆಂದು ಬಿಡಿಸಿ ತೋರಿಸಬೇಕು, ಆ ಭವಿಷ್ಯ ನಿಜವಾಯಿತೋ ಇಲ್ಲವೋ ಎಂಬುದನ್ನು ಶಾಲೆಯ ಅಂಗಳದಲ್ಲೇ ನಿಂತು ಪರೀಕ್ಷಿಸಲು ವಿದ್ಯಾರ್ಥಿಗೆ ಅನುವು ಮಾಡಿಕೊಡಬೇಕು.

ಈಗಿರುವ ತಾಣಗಳೇನೂ ಕಳಪೆಯಲ್ಲ. ನಾಸಾ 2012ರಲ್ಲಿ ಆರಂಭಿಸಿದ ‘ಸ್ಪಾಟ್ ದ ಸ್ಟೇಷನ್’ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮೂರಿನ ಮೇಲೆ ಯಾವಾಗ ಹಾದುಹೋಗುತ್ತದೆಂದು ಹೇಳುತ್ತದೆ. ‘ಹೆವನ್ಸ್ ಅಬವ್’ ಬಹಳ ವರ್ಷಗಳಿಂದ ಸಾವಿರಾರು ಉಪಗ್ರಹಗಳ ವೇಳಾಪಟ್ಟಿ ಕೊಡುತ್ತಿದೆ. ನೋಡಲು ಹೊರಟವರಿಗೆ ಇಷ್ಟು ಸಾಕು. ಕಲಿಯಲು ಹೊರಟವರಿಗೆ ಸಾಲದು. ಕೋಡಿಂಗ್ ಕಲಿಸುವ ತರಗತಿಗಳಲ್ಲಿ ಜನಪ್ರಿಯವಾದ ಅಭ್ಯಾಸವನ್ನೇ ನೋಡಿ. ‘ಓಪನ್ ನೋಟಿಫೈ’ಯಂಥ ಸೇವೆಗೆ ಕೆಲವು ಸೆಕೆಂಡಿಗೊಮ್ಮೆ ವಿನಂತಿ ಕಳಿಸುವುದು, ಅದು ಕೊಟ್ಟ ಅಕ್ಷಾಂಶ ರೇಖಾಂಶಗಳನ್ನು ಭೂಪಟದ ಮೇಲೆ ಗುರುತು ಮಾಡುವುದು, ಹಿಂದಿನ ಗುರುತುಗಳನ್ನು ಗೆರೆಯಿಂದ ಕೂಡಿಸುವುದು. ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಚುಕ್ಕಿ ಓಡಾಡುತ್ತದೆ, ಕಟ್ಟಿದವನಿಗೆ ಸಂತೋಷವಾಗುತ್ತದೆ. ಆದರೆ ಇದರಲ್ಲಿ ಅವನು ಕಲಿತದ್ದು ಸರ್ವರಿನಿಂದ ಮಾಹಿತಿ ತರಿಸಿಕೊಳ್ಳುವ ಬಗೆಯನ್ನು. ಕಕ್ಷೆಯ ಬಗ್ಗೆ ಏನನ್ನೂ ಅಲ್ಲ. ಆ ಎರಡು ಅಂಕಿಗಳನ್ನು ಲೆಕ್ಕ ಹಾಕಿದ್ದು ಬೇರೆ ಯಾರದೋ ಯಂತ್ರ. ಅದು ತಪ್ಪು ಅಂಕಿ ಕಳಿಸಿದರೂ ಇವನ ಚುಕ್ಕಿ ಅಷ್ಟೇ ಠೀವಿಯಿಂದ ಓಡುತ್ತಿರುತ್ತದೆ.

ಹಾಗಾದರೆ ಚುಕ್ಕಿಯ ಮೂಲ ಎಲ್ಲಿದೆ? ಬಹುತೇಕ ತಾಣಗಳ ಹಿಂದಿರುವುದು ಕಕ್ಷಾಂಶಗಳೆಂಬ ಕೆಲವೇ ಅಂಕಿಗಳು. ಕಕ್ಷೆ ಸಮಭಾಜಕಕ್ಕೆ ಎಷ್ಟು ಓರೆಯಾಗಿದೆ, ಸಮಭಾಜಕವನ್ನು ಎಲ್ಲಿ ದಾಟಿ ಉತ್ತರಕ್ಕೆ ಏರುತ್ತದೆ, ವೃತ್ತದಿಂದ ಎಷ್ಟು ಹಿಗ್ಗಿದೆ, ಭೂಮಿಗೆ ಅತಿ ಹತ್ತಿರ ಬರುವ ಬಿಂದು ಯಾವ ಕಡೆಗಿದೆ, ಗೊತ್ತುಪಡಿಸಿದ ಕ್ಷಣದಲ್ಲಿ ಉಪಗ್ರಹ ತನ್ನ ಸುತ್ತಿನ ಯಾವ ಭಾಗದಲ್ಲಿತ್ತು, ದಿನಕ್ಕೆ ಎಷ್ಟು ಸುತ್ತು ಹಾಕುತ್ತದೆ. ಅಮೆರಿಕದ ರೇಡಾರ್ ಮತ್ತು ದೂರದರ್ಶಕಗಳು ಅಳೆದ ಈ ಅಂಕಿಗಳು ದಿನವೂ ಬಹಿರಂಗವಾಗುತ್ತವೆ, ಟಿ.ಎಸ್. ಕೆಲ್ಸೊ 1985ರಲ್ಲಿ ಆರಂಭಿಸಿದ ಸೆಲೆಸ್‌ಟ್ರಾಕ್ ಅವನ್ನು ಎಲ್ಲರಿಗೂ ಉಚಿತವಾಗಿ ಹಂಚುತ್ತದೆ. ಒಂದು ಉಪಗ್ರಹಕ್ಕೆ ಎರಡು ಸಾಲು, ಸಾಲಿಗೆ 69 ಅಕ್ಷರ. ಅಂದರೆ ಒಂದು ಬಾಹ್ಯಾಕಾಶ ನಿಲ್ದಾಣದ ಇಡೀ ದಾರಿ 160 ಅಕ್ಷರಗಳ ಒಂದೇ ಎಸ್‌ಎಂಎಸ್‌ನಲ್ಲಿ ಹಿಡಿಸುತ್ತದೆ. ಈ ಅಂಕಿಗಳಿಂದ ಮುಂದಿನ ಸ್ಥಾನ ತೆಗೆಯುವ ಎಸ್‌ಜಿಪಿ4 ಎಂಬ ಗಣಿತ ವಿಧಾನ 1980ರ ವರದಿಯೊಂದರಲ್ಲಿ ಸೂತ್ರಸಮೇತ ಪ್ರಕಟವಾಯಿತು. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಅದರ ರೂಪ ‘ಸ್ಯಾಟಲೈಟ್.ಜೆಎಸ್’ ಎಂಬ ಹೆಸರಲ್ಲಿ ಯಾರಿಗಾದರೂ ಸಿಗುತ್ತದೆ. ಗುಡ್ಡದ ಮೂಲೆಯಲ್ಲಿ ಮಾತ್ರ ಮೊಬೈಲ್ ಸಿಗ್ನಲ್ ಸಿಗುವ ಮಲೆನಾಡಿಗೆ ಇದು ಬಹಳ ದೊಡ್ಡ ಸಂಗತಿ. ಬೆಳಿಗ್ಗೆ ಒಂದು ಸಲ ಎರಡು ಸಾಲು ಸಿಕ್ಕರೆ ಸಾಕು, ದಿನವಿಡೀ ಜಾಲದ ನಂಟಿಲ್ಲದೆ ಫೋನು ತಾನೇ ಲೆಕ್ಕ ಹಾಕಬಲ್ಲದು. ಲೆಕ್ಕ ವಿದ್ಯಾರ್ಥಿಯ ಕೈಯಲ್ಲಿರುವ ಯಂತ್ರದಲ್ಲೇ ನಡೆದಾಗ ಅದನ್ನು ಬಿಚ್ಚಿ ತೋರಿಸುವುದೂ ಸಾಧ್ಯ.

ಈ ಬಗೆಯ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ಪಂಚಾಂಗ ನೋಡಿ ಅಭ್ಯಾಸವಿರುವ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಮನೆಗಳಿಗೆ ಇಂದಿನ ಅಂಕಿಯಿಂದ ನಾಳೆಯ ಗ್ರಹಸ್ಥಾನ ತೆಗೆಯಬಹುದೆಂಬುದು ಗೊತ್ತಿರುವ ವಿಷಯ. ಸೂರ್ಯಸಿದ್ಧಾಂತ ಪ್ರತಿ ಗ್ರಹಕ್ಕೂ 43,20,000 ವರ್ಷಗಳ ಮಹಾಯುಗದಲ್ಲಿ ಎಷ್ಟು ಸುತ್ತು ಎಂದು ಹೇಳುತ್ತದೆ. ಉಪಗ್ರಹದ ಎರಡು ಸಾಲು ದಿನಕ್ಕೆ ಎಷ್ಟು ಸುತ್ತು ಎಂದು ಹೇಳುತ್ತವೆ. ಅಲ್ಲಿ ಅಹರ್ಗಣವೆಂಬ ದಿನಗಳ ಎಣಿಕೆಯಿಂದ ಆರಂಭ, ಇಲ್ಲಿ ವರ್ಷದ ಎಷ್ಟನೇ ದಿನ ಎಂಬುದರಿಂದ. ಅಲ್ಲಿ ಮೊದಲು ಮಧ್ಯಮ ಗ್ರಹ, ಆಮೇಲೆ ಸಂಸ್ಕಾರಗಳನ್ನು ಕೊಟ್ಟು ಸ್ಫುಟ ಗ್ರಹ; ಇಲ್ಲೂ ಮೊದಲು ಸರಾಸರಿ ಚಲನೆ, ಆಮೇಲೆ ತಿದ್ದುಪಡಿಗಳು. ಚಂದ್ರನ ಕಕ್ಷೆಯ ಪಾತಬಿಂದುವಾದ ರಾಹು ಸುಮಾರು 18.6 ವರ್ಷಕ್ಕೊಮ್ಮೆ ಹಿಮ್ಮುಖವಾಗಿ ಒಂದು ಸುತ್ತು ಬರುತ್ತಾನೆ. ಭೂಮಿಯ ನಡು ಉಬ್ಬಿರುವ ಕಾರಣ ಬಾಹ್ಯಾಕಾಶ ನಿಲ್ದಾಣದ ಪಾತಬಿಂದು, ಅಂದರೆ ಅದರ ಕಕ್ಷೆ ಸಮಭಾಜಕವನ್ನು ದಾಟುವ ಜಾಗ, ದಿನಕ್ಕೆ ಸುಮಾರು ಐದು ಡಿಗ್ರಿ ಹಿಂದೆ ಸರಿಯುತ್ತದೆ. ನಿಲ್ದಾಣ ಕೆಲವು ವಾರ ಮುಸ್ಸಂಜೆಯಲ್ಲಿ, ಕೆಲವು ವಾರ ನಸುಕಿನಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಎಲ್ಲಕ್ಕಿಂತ ಮುಖ್ಯವಾದುದು ಕೇರಳದ ಗಣಿತಜ್ಞ ಪರಮೇಶ್ವರನ ಮಾದರಿ. ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ, ಹಳೆಯ ಲೆಕ್ಕಕ್ಕೂ ಕಂಡದ್ದಕ್ಕೂ ಹೊಂದಿಕೆಯಾಗದಿದ್ದಾಗ 1431ರಲ್ಲಿ ಆತ ‘ದೃಗ್ಗಣಿತ’ವೆಂಬ ಗ್ರಂಥವನ್ನು ರಚಿಸಿದ. ಲೆಕ್ಕವನ್ನು ನೋಟದಿಂದ ತಿದ್ದಬೇಕೆಂಬ ಆ ಶಿಸ್ತೇ ಶೈಕ್ಷಣಿಕ ತಾಣವೊಂದಕ್ಕೆ ಬೇಕಾದ ಅಡಿಪಾಯ.

ಉಪಗ್ರಹಗಳ ಚರಿತ್ರೆಯಲ್ಲೂ ಕಲಿಕೆ ಗಟ್ಟಿಯಾಗಿ ನಡೆದದ್ದು ನೋಟ ಮತ್ತು ಲೆಕ್ಕ ಎರಡೂ ಕಲಿಯುವವರ ಕೈಯಲ್ಲಿದ್ದಾಗಲೇ. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿದಾಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಫ್ರೆಡ್ ವಿಪಲ್ ಕಟ್ಟಿದ್ದ ‘ಮೂನ್‌ವಾಚ್’ ತಂಡಗಳ ಹವ್ಯಾಸಿಗಳು ಸಣ್ಣ ದೂರದರ್ಶಕ, ನಿಲ್ಲುಗಡಿಯಾರ ಹಿಡಿದು ಅದು ಹಾದುಹೋದ ಕ್ಷಣಗಳನ್ನು ದಾಖಲಿಸಿದರು. ಅದೇ ಸಂಸ್ಥೆಯ ದೊಡ್ಡ ಕ್ಯಾಮೆರಾಗಳಲ್ಲೊಂದು ನಮ್ಮ ನೈನಿತಾಲಿನಲ್ಲಿತ್ತು. ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಶಾಲೆಯಲ್ಲಿ ಭೌತವಿಜ್ಞಾನದ ಮೇಷ್ಟ್ರು ಜೆಫ್ರಿ ಪೆರಿ ಮತ್ತು ಅವರ ವಿದ್ಯಾರ್ಥಿಗಳು ರೇಡಿಯೊ ರಿಸೀವರ್ ಇಟ್ಟುಕೊಂಡು ಸೋವಿಯತ್ ಉಪಗ್ರಹಗಳಿಗೆ ಕಿವಿಗೊಟ್ಟರು. 1966ರಲ್ಲಿ ಕೆಲವು ಕಾಸ್ಮೋಸ್ ಉಪಗ್ರಹಗಳ ದಾರಿಯನ್ನು ಹಿಂದಕ್ಕೆ ಎಳೆದಾಗ ಅದು ಎಲ್ಲರಿಗೂ ಗೊತ್ತಿದ್ದ ಬೈಕೊನೂರಿಗೆ ಹೋಗಿ ಸೇರಲಿಲ್ಲ. ಸೋವಿಯತ್ ಒಕ್ಕೂಟ ಬಾಯಿಬಿಡದಿದ್ದ ಪ್ಲೆಸೆಟ್ಸ್ಕ್ ಉಡಾವಣಾ ನೆಲೆ ಹೀಗೆ ಒಂದು ಶಾಲೆಯ ಲೆಕ್ಕದಿಂದ ಹೊರಬಿತ್ತು. ನಮ್ಮಲ್ಲಿ ಕರ್ನಾಟಕ, ಆಂಧ್ರದ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ ಒಂದು ಕಿಲೊಗಿಂತ ಕಡಿಮೆ ತೂಕದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಕಕ್ಷೆ ಸೇರಿತು. ಅದರ ಭೂನೆಲೆಯನ್ನೂ ಬೆಂಗಳೂರಿನ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ಕಟ್ಟಲಾಗಿತ್ತು. 2016ರಲ್ಲಿ ಪಿಇಎಸ್ ವಿಶ್ವವಿದ್ಯಾಲಯದ ಪಿಸ್ಯಾಟ್ ಬಂತು. ಈ ಎಲ್ಲ ಉದಾಹರಣೆಗಳಲ್ಲೂ ಕಲಿಯುವವರು ಎದುರಿಸಿದ್ದು ಒಂದೇ ಪ್ರಶ್ನೆ: ಲೆಕ್ಕ ಹೇಳಿದ ಹೊತ್ತಿಗೆ, ಹೇಳಿದ ದಿಕ್ಕಿನಲ್ಲಿ ಅದು ಬಂತೇ?

ಭಂಡಿಗಡಿಯಲ್ಲಿ ಈ ಪ್ರಶ್ನೆ ಕೇಳಹೊರಟರೆ ಮೊದಲು ಎದುರಾಗುವುದು ಗುಡ್ಡ. ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೊಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 7.7 ಕಿಲೊಮೀಟರ್ ವೇಗದಲ್ಲಿ ಸಾಗುತ್ತದೆ, ತೊಂಬತ್ತಮೂರು ನಿಮಿಷದೊಳಗೆ ಭೂಮಿಯನ್ನು ಸುತ್ತಿ ಬರುತ್ತದೆ. ಸಮುದ್ರದ ದಂಡೆಯಂಥ ಬಯಲಿನಲ್ಲಿ ನಿಂತವನಿಗೆ, ಅದು ನೆತ್ತಿಯ ಮೇಲೆ ಹಾದರೆ, ದಿಗಂತದಿಂದ ದಿಗಂತಕ್ಕೆ ಹತ್ತು ನಿಮಿಷ ಸಿಗುತ್ತದೆ. ಸುತ್ತಲೂ ತೋಟ, ಕಾಡು, ಗುಡ್ಡಗಳು ಇಪ್ಪತ್ತು ಡಿಗ್ರಿಯಷ್ಟು ಆಕಾಶವನ್ನು ಮರೆಮಾಡಿದರೆ ಅದೇ ಹಾದಿಯಲ್ಲಿ ಉಳಿಯುವುದು ನಾಲ್ಕೇ ನಿಮಿಷ. ತಲೆಯ ಮೇಲಲ್ಲದೆ ಪಕ್ಕದಲ್ಲಿ ಹಾದರೆ ಅದೂ ಇಲ್ಲ. ಬಯಲು ದಿಗಂತವನ್ನು ನಂಬಿದ ವೇಳಾಪಟ್ಟಿ ಇಲ್ಲಿ ಹುಸಿಯಾಗುತ್ತದೆ, ಮಕ್ಕಳು ಲೆಕ್ಕವೇ ಸುಳ್ಳೆಂದುಕೊಂಡು ಒಳಗೆ ಹೋಗುತ್ತಾರೆ. ಆದ್ದರಿಂದ ತಾಣ ಮಾಡಬೇಕಾದ ಮೊದಲ ಕೆಲಸ ಶಾಲೆಯ ಸ್ವಂತ ದಿಗಂತವನ್ನು ಕೇಳಿ ತಿಳಿಯುವುದು. ಒಂದು ಕೋನಮಾಪಕದ ನಡುವೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ತೂಗಿಬಿಟ್ಟು, ಕೋನಮಾಪಕದ ನೇರ ಅಂಚಿನ ಮೇಲೆ ಕಣ್ಣಿಟ್ಟು ಗುಡ್ಡದ ನೆತ್ತಿ ನೋಡಿದರೆ ದಾರ ನಿಂತ ಗೆರೆಯಿಂದ ಎತ್ತರದ ಕೋನ ಗೊತ್ತಾಗುತ್ತದೆ. ಎಂಟು ದಿಕ್ಕಿಗೆ ಎಂಟು ಅಂಕಿ. ಅವನ್ನು ತಾಣಕ್ಕೆ ಊಡಿಸಿದರೆ ವೇಳಾಪಟ್ಟಿ ಆ ಅಂಗಳದ್ದೇ ಆಗುತ್ತದೆ. ಹರಿಹರಪುರದ ಶಾಲೆಗೂ ಭಂಡಿಗಡಿಯ ಶಾಲೆಗೂ ಬೇರೆ ಬೇರೆ ಪಟ್ಟಿ ಬರುತ್ತದೆ. ಯಾಕೆ ಬೇರೆ ಎಂದು ಮಕ್ಕಳೇ ವಿವರಿಸಬಲ್ಲರು.

ಎರಡನೆಯ ಕೆಲಸ ತಪ್ಪನ್ನು ಕಾಣುವಂತೆ ಮಾಡುವುದು. ಹೊಸ ಕಕ್ಷಾಂಶದಿಂದ ತೆಗೆದ ಸ್ಥಾನದಲ್ಲಿ ಒಂದು ಕಿಲೊಮೀಟರಿನ ಆಸುಪಾಸು ದೋಷವಿರುತ್ತದೆ. ನಿಲ್ದಾಣ ಅಷ್ಟು ದೂರವನ್ನು ಸೆಕೆಂಡಿನ ಸಣ್ಣ ಭಾಗದಲ್ಲಿ ದಾಟುವುದರಿಂದ ಕೈಗಡಿಯಾರಕ್ಕೆ ಅದು ಸಿಕ್ಕುವುದಿಲ್ಲ. ಆದರೆ ದಿನ ಕಳೆದಂತೆ ದೋಷ ಬೆಳೆಯುತ್ತದೆ. 400 ಕಿಲೊಮೀಟರ್ ಎತ್ತರದಲ್ಲೂ ತೆಳುವಾದ ಗಾಳಿಯಿದೆ. ಅದರ ಎಳೆತಕ್ಕೆ ನಿಲ್ದಾಣ ತಿಂಗಳಿಗೆ ಸುಮಾರು ಎರಡು ಕಿಲೊಮೀಟರ್ ಕೆಳಗಿಳಿಯುತ್ತದೆ, ಆಗಾಗ ಎಂಜಿನ್ ಉರಿಸಿ ಅದನ್ನು ಮೇಲೆತ್ತುತ್ತಾರೆ. ಸೂರ್ಯ ಕೆರಳಿದಾಗ ಗಾಳಿ ಉಬ್ಬಿ ಎಳೆತ ಹೆಚ್ಚುತ್ತದೆ. 2022ರ ಫೆಬ್ರವರಿಯಲ್ಲಿ ಹೊಸದಾಗಿ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಹೀಗೆಯೇ ಕಕ್ಷೆಗೇರಲಾಗದೆ ನಾಶವಾದವು. ಸಾಮಾನ್ಯ ತಾಣಗಳು ಹಳೆಯ ಕಕ್ಷಾಂಶವನ್ನು ಸದ್ದಿಲ್ಲದೆ ಬಿಸಾಡಿ ಹೊಸದನ್ನು ಹಾಕಿಕೊಳ್ಳುತ್ತವೆ. ಶೈಕ್ಷಣಿಕ ತಾಣ ಹಳೆಯದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಂದಿನ ಸಂಜೆಯ ಹಾದಿಗೆ ನಿನ್ನೆಯ ಅಂಕಿ ಹೇಳಿದ ಸಮಯ, ಎರಡು ವಾರ ಹಿಂದಿನ ಅಂಕಿ ಹೇಳಿದ ಸಮಯ, ಮಕ್ಕಳು ನೋಡಿ ಬರೆದ ಸಮಯ ಮೂರನ್ನೂ ಅಕ್ಕಪಕ್ಕ ಇಡಬೇಕು. ಅಂಕಿ ಹಳಸಿದಷ್ಟೂ ಲೆಕ್ಕ ಹೇಗೆ ಜಾರುತ್ತದೆ, ನಡುವೆ ನಿಲ್ದಾಣವನ್ನು ಮೇಲೆತ್ತಿದ್ದರೆ ಹೇಗೆ ಒಮ್ಮೆಲೇ ಹಳಿ ತಪ್ಪುತ್ತದೆ ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ. ವಿಜ್ಞಾನದ ಲೆಕ್ಕಕ್ಕೂ ಅವಧಿ ಮತ್ತು ಮಿತಿ ಇರುತ್ತದೆಂಬ ತಿಳಿವು ಪಠ್ಯಪುಸ್ತಕದ ಹತ್ತು ಪುಟಗಳಿಗಿಂತ ಹೆಚ್ಚಿನದು.

ಕಟ್ಟುವ ಬಗೆಯೂ ಈ ಉದ್ದೇಶಕ್ಕೆ ತಕ್ಕಂತಿರಬೇಕು. ಕಣ್ಣು ಕೋರೈಸುವ ಮೂರು ಆಯಾಮದ ಭೂಗೋಳ, ಉಪಗ್ರಹ ಚಿತ್ರಗಳ ಭೂಪಟ ಇವೆಲ್ಲ ಡೇಟಾ ನುಂಗುತ್ತವೆ, ಹಳೆಯ ಫೋನುಗಳನ್ನು ತಿಣುಕಿಸುತ್ತವೆ. ಖಂಡಗಳ ಸರಳ ಅಂಚುಗೆರೆ, ತಲೆಯ ಮೇಲಿನ ಆಕಾಶದ ಒಂದು ದುಂಡು ನಕ್ಷೆ, ಅದರ ಅಂಚಿಗೆ ಶಾಲೆಯ ಗುಡ್ಡಗಳ ಆಕಾರ ಇಷ್ಟಿದ್ದರೆ ಸಾಕು. ಒಮ್ಮೆ ತೆರೆದ ಮೇಲೆ ನೆಟ್ ಇಲ್ಲದೆಯೂ ನಡೆಯುವಂತೆ ತಾಣವನ್ನು ಫೋನಿನಲ್ಲೇ ಉಳಿಸಿಡುವ ತಂತ್ರ ಇಂದಿನ ಬ್ರೌಸರುಗಳಲ್ಲಿದೆ. ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಬೇಕು. ಮೊದಲು ಕಕ್ಷೆಯನ್ನು ಬರಿಯ ವೃತ್ತವೆಂದುಕೊಳ್ಳುವುದು: ಒಂದು ಸುತ್ತಿಗೆ 93 ನಿಮಿಷ, ಅಷ್ಟರಲ್ಲಿ ಭೂಮಿ ಸುಮಾರು 23 ಡಿಗ್ರಿ ತಿರುಗಿರುತ್ತದೆ, ಆದ್ದರಿಂದ ಮುಂದಿನ ಹಾದಿ ಅಷ್ಟು ಪಡುವಣಕ್ಕೆ ಸರಿಯುತ್ತದೆ. ಒಂಬತ್ತನೇ ತರಗತಿಯ ಗುರುತ್ವಾಕರ್ಷಣೆ ಪಾಠ ಓದಿದವರಿಗೆ ಇಷ್ಟು ಎಟಕುತ್ತದೆ. ಎರಡನೇ ಮೆಟ್ಟಿಲಲ್ಲಿ ಭೂಮಿಯ ಉಬ್ಬಿನ ಪರಿಣಾಮ, ಮೂರನೆಯದರಲ್ಲಿ ಗಾಳಿಯ ಎಳೆತ, ಕೊನೆಗೆ ಪೂರ್ಣ ಎಸ್‌ಜಿಪಿ4. ಒಂದೊಂದು ಮೆಟ್ಟಿಲಿಗೂ ಉತ್ತರ ಎಷ್ಟು ಬದಲಾಯಿತೆಂದು ತಾಣ ತೋರಿಸಬೇಕು. ಇನ್ನೊಂದು ಎಚ್ಚರಿಕೆಯೂ ಬೇಕು. ಎರಡು ಸಾಲಿನ ಹಳೆಯ ರೂಪದಲ್ಲಿ ಉಪಗ್ರಹದ ಕ್ರಮಸಂಖ್ಯೆಗೆ ಐದಂಕಿಯಷ್ಟೇ ಜಾಗವಿದೆ. ವಸ್ತುಗಳ ಸಂಖ್ಯೆ ಏರುತ್ತಿರುವುದರಿಂದ ಹೊಸ ರೂಪದ ಮಾಹಿತಿಯನ್ನೂ ಓದುವಂತೆ ತಾಣವನ್ನು ಮೊದಲಿನಿಂದಲೇ ಅಣಿಗೊಳಿಸಬೇಕು.

ಇಲ್ಲಿ ಬರುವ ಮೊದಲ ಆಕ್ಷೇಪ ಮಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕಾಣದ ಊರಿನಲ್ಲಿ ಉಪಗ್ರಹ ನೋಡುವುದೆಂತು ಎಂದು ಕೇಳುವುದು ನ್ಯಾಯ. ಉತ್ತರ ಮನೆಮನೆಯ ಮಾಡಿನ ಮೇಲಿದೆ. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತ ಜಿಸ್ಯಾಟ್-15ರಿಂದ. ಭಂಡಿಗಡಿಯ ಅಕ್ಷಾಂಶ ರೇಖಾಂಶ ಹಾಕಿ ಲೆಕ್ಕ ಮಾಡಿದರೆ ಅದು ಆಗ್ನೇಯಕ್ಕೆ, ಸುಮಾರು 64 ಡಿಗ್ರಿ ಎತ್ತರದಲ್ಲಿ ಇರಬೇಕು. ಆದರೆ ಡಿಶ್ಶಿನ ಮುಖ ಅಷ್ಟು ಮೇಲಕ್ಕೆ ತಿರುಗಿರುವುದಿಲ್ಲ, ಅಳೆದವರಿಗೆ ಲೆಕ್ಕ ತಪ್ಪಿದಂತೆ ತೋರುತ್ತದೆ. ನಿಜದಲ್ಲಿ ತಪ್ಪಿಲ್ಲ: ಮನೆಗಳ ಡಿಶ್ ದೊಡ್ಡ ಬೋಗುಣಿಯೊಂದರ ಒಂದು ಪಕ್ಕವನ್ನು ಕತ್ತರಿಸಿದ ತುಂಡು. ಸಂಕೇತ ಅದರ ಮುಖಕ್ಕೆ ನೇರವಾಗಿ ಬೀಳದೆ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಓರೆಯಾಗಿ ಬಂದು ತೋಳಿನ ತುದಿಯಲ್ಲಿ ಸೇರುತ್ತದೆ. ಈ ಗಂಟು ಬಿಡಿಸಿದ ಹುಡುಗ, ಉಪಗ್ರಹವನ್ನು ಅದೇ ಜಾಗದಲ್ಲಿ ನಿಲ್ಲಿಸಿಡಲು ಹಾಸನದಲ್ಲಿ ಏನು ಕೆಲಸ ನಡೆಯುತ್ತದೆಂಬುದನ್ನೂ ಅರಿಯುತ್ತಾನೆ. ರೇಡಿಯೊಗೂ ಮೋಡ ಅಡ್ಡಿಯಲ್ಲ. ನಿಲ್ದಾಣದ ಹ್ಯಾಮ್ ರೇಡಿಯೊ 145.8 ಮೆಗಾಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಅದು ಬರುವಾಗ ಮತ್ತು ಹೋಗುವಾಗ ಆವರ್ತನ ಸುಮಾರು ಮೂರೂವರೆ ಕಿಲೊಹರ್ಟ್ಸ್ ಏರಿಳಿಯುತ್ತದೆ. 2025ರ ಜುಲೈ 4ರಂದು ನಿಲ್ದಾಣದಲ್ಲಿದ್ದ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಹ್ಯಾಮ್ ರೇಡಿಯೊದಲ್ಲೇ ಮಾತನಾಡಿದ್ದರು. ಪರವಾನಗಿ ಇರುವ ಹ್ಯಾಮ್ ಹವ್ಯಾಸಿಯೊಬ್ಬರ ನೆರವಿದ್ದರೆ ಮಳೆಗಾಲದಲ್ಲೂ ಲೆಕ್ಕವನ್ನು ಕಿವಿಯಿಂದ ಪರೀಕ್ಷಿಸಬಹುದು.

ಎರಡನೆಯ ಆಕ್ಷೇಪ ಪ್ರಯೋಜನದ್ದು. ಅಡಿಕೆಗೆ ಕೊಳೆ, ಎಲೆಚುಕ್ಕಿ, ಕಾಡುಪ್ರಾಣಿಗಳ ಕಾಟ ಇರುವ ಊರಿನ ಮಕ್ಕಳಿಗೆ ಉಪಗ್ರಹದ ಜಾಡು ಯಾತಕ್ಕೆ? ಈ ಊರುಗಳ ಮೇಲೆ ಉಪಗ್ರಹಗಳ ಕಣ್ಣು ಈಗಾಗಲೇ ಇದೆ ಎಂಬುದೇ ಇದಕ್ಕೆ ಉತ್ತರ. ಮಳೆಯ ಮುನ್ಸೂಚನೆಗೆ ಬಳಸುವ ಮೋಡಚಿತ್ರ ಇನ್ಸಾಟ್ ಸರಣಿಯಿಂದ ಬರುತ್ತದೆ. ಕಾಡಿನ ಗಡಿ ಗುರುತಿಸುವುದರಲ್ಲಿ, ಬೆಳೆ ಅಂದಾಜಿನಲ್ಲಿ, ಗುಡ್ಡ ಕುಸಿತದ ಅಧ್ಯಯನದಲ್ಲಿ ಉಪಗ್ರಹ ಚಿತ್ರ ಬಳಕೆಯಾಗುತ್ತದೆ. 2025ರ ಜುಲೈ 30ರಂದು ಹಾರಿದ ಇಸ್ರೋ ಮತ್ತು ನಾಸಾ ಜಂಟಿ ಉಪಗ್ರಹ ನೈಸಾರ್ 747 ಕಿಲೊಮೀಟರ್ ಎತ್ತರದಿಂದ 12 ದಿನಕ್ಕೊಮ್ಮೆ ಅದೇ ಹಾದಿಗೆ ಮರಳುವಂತೆ, ಮೋಡದ ಮೂಲಕವೂ ನೆಲವನ್ನು ನೋಡುವಂತೆ ರೂಪಿತವಾಗಿದೆ. ತನ್ನ ತೋಟದ ಬಗ್ಗೆ ಆಕಾಶದಿಂದ ಬಂದ ಚಿತ್ರವೊಂದನ್ನು ಆಧಾರವಾಗಿ ಒಡ್ಡಿದಾಗ ಅದು ಯಾವ ದಿನದ್ದು, ಯಾವ ಕೋನದಿಂದ ತೆಗೆದದ್ದು ಎಂದು ಕೇಳಬಲ್ಲ ನಾಗರಿಕ ಬೇಕು. ಆ ಪ್ರಶ್ನೆ ಕೇಳುವ ಧೈರ್ಯ ಬರುವುದು ಕಕ್ಷೆಯ ಲೆಕ್ಕ ಒಮ್ಮೆ ಕೈಯಾರೆ ಮಾಡಿದವರಿಗೆ.

ಪಂಚಾಂಗದ ಮಾತು ತಂದರೆ ಖಗೋಳದ ಜೊತೆ ಜ್ಯೋತಿಷ್ಯದ ಫಲವೂ ನುಸುಳುತ್ತದೆಂದು ಕೆಲವರು ಅಳುಕುವುದು ಸಹಜ. ಗೆರೆ ಎಳೆಯುವುದು ಕಷ್ಟವಲ್ಲ. ಗ್ರಹಣ ಇಷ್ಟು ಹೊತ್ತಿಗೆ ಎಂಬ ಮಾತು ತಪ್ಪಾದರೆ ಎಲ್ಲರಿಗೂ ಕಾಣುತ್ತದೆ. ಗ್ರಹದಿಂದ ಕೇಡಾಗುತ್ತದೆಂಬ ಮಾತಿಗೆ ಅಂಥ ಪರೀಕ್ಷೆಯೇ ಇಲ್ಲ. ತಾಣ ಮೊದಲನೆಯದನ್ನು ಮಾತ್ರ ಎತ್ತಿಕೊಂಡು, ವ್ಯತ್ಯಾಸವನ್ನೂ ಸ್ಪಷ್ಟವಾಗಿ ಹೇಳಬೇಕು. ಇದಕ್ಕಿಂತ ತೂಕದ ಆಕ್ಷೇಪ ಅವಲಂಬನೆಯದು. ನಮ್ಮ ಉಪಗ್ರಹಗಳ ಕಕ್ಷಾಂಶವನ್ನೂ ಅಮೆರಿಕದ ಕಡತದಿಂದ ತರುವುದು ಸರಿಯೇ? ಆ ಕಡತ ಎಲ್ಲರಿಗೂ ತೆರೆದಿರುವವರೆಗೆ ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಬಾಹ್ಯಾಕಾಶದ ವಸ್ತುಗಳ ಮೇಲೆ ನಿಗಾ ಇಡಲು ಇಸ್ರೋ 2022ರ ಜುಲೈನಲ್ಲಿ ಬೆಂಗಳೂರಿನಲ್ಲೇ ಪ್ರತ್ಯೇಕ ಕೇಂದ್ರ ತೆರೆದಿದೆ, ತನ್ನ ನೌಕೆಗಳ ಕಕ್ಷೆಯನ್ನು ಇಸ್ಟ್ರಾಕ್ ಎಲ್ಲರಿಗಿಂತ ನಿಖರವಾಗಿ ಬಲ್ಲದು. ನಾಗರಿಕ ಉಪಗ್ರಹಗಳ ಕಕ್ಷಾಂಶಗಳನ್ನಾದರೂ ಶಾಲೆಗಳು ನೇರವಾಗಿ ಬಳಸುವ ರೂಪದಲ್ಲಿ ದಿನವೂ ಒದಗಿಸಿದರೆ, ಹಾಸನ, ಪೀಣ್ಯಗಳ ಅಳತೆ ಭಂಡಿಗಡಿಯ ಲೆಕ್ಕಕ್ಕೆ ನೇರವಾಗಿ ಸಿಗುತ್ತದೆ.

ಉಳಿಯುವುದು ನಿರ್ವಹಣೆಯ ಪ್ರಶ್ನೆ. ಸ್ಪರ್ಧೆಗೆಂದು ಕಟ್ಟಿದ ಎಷ್ಟೋ ತಾಣಗಳು ಕಟ್ಟಿದವರು ಕಾಲೇಜು ಬಿಟ್ಟೊಡನೆ ಕಣ್ಮುಚ್ಚುತ್ತವೆ. ಸರ್ವರಿನ ಮೇಲೆ ಲೆಕ್ಕ ಮಾಡದ ತಾಣಕ್ಕೆ ಖರ್ಚು ಬಹಳ ಕಡಿಮೆ. ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟರೆ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದು. ಜಗತ್ತಿನಾದ್ಯಂತ ಹವ್ಯಾಸಿಗಳ ಭೂನೆಲೆಗಳನ್ನು ಹೆಣೆದಿರುವ ‘ಸ್ಯಾಟ್‌ನಾಗ್ಸ್’ ಈ ಕ್ರಮದಲ್ಲೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದೆ. ನಮ್ಮಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೋಡ್ ಬರೆಯಲಿ, ಪಿಯು ಉಪನ್ಯಾಸಕರು ಲೆಕ್ಕದ ಮೆಟ್ಟಿಲುಗಳನ್ನು ಪರಿಶೀಲಿಸಲಿ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನಂಥ ಸಂಸ್ಥೆ ವೀಕ್ಷಣೆಯ ದಾಖಲೆಗಳನ್ನು ಒಂದೆಡೆ ಕೂಡಿಡಲಿ. ಮಲೆನಾಡಿನಲ್ಲಿ ಆಕಾಶ ತಿಳಿಯಾಗುವ ಚಳಿಗಾಲದಲ್ಲಿ ಒಂದೇ ಶಾಲೆಯಿಂದ ಆರಂಭಿಸಿದರೂ ಸಾಲದೆಂದೇನಿಲ್ಲ. ವರ್ಷದ ಕೊನೆಗೆ ಅದು ಗೆದ್ದಿತೇ ಎಂದು ತೀರ್ಮಾನಿಸಲು ತಾಣಕ್ಕೆ ಎಷ್ಟು ಜನ ಬಂದರೆಂದು ಎಣಿಸಬೇಕಿಲ್ಲ. ಮಕ್ಕಳು ಎಷ್ಟು ಹಾದಿಗಳ ಸಮಯವನ್ನು ಬರೆದಿಟ್ಟರು, ಅವುಗಳಲ್ಲಿ ಲೆಕ್ಕಕ್ಕೆ ಹೊಂದದವು ಎಷ್ಟು, ಹೊಂದದ್ದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಎಷ್ಟು ನಿಂತವು ಎಂದು ನೋಡಿದರೆ ಸಾಕು.